ಸಾಗರ ಅಂದರೆ ಯಾವ ಸಾಗರ?

"ತಮಾ, ಈ ಮಿಡಿ ಡ್ರೆಸ್ ಅಂದ್ರೆ ಎಂತದಾ?"

ಭರಣಿಯ ಬಾಯಿಗೆ ಬಿಳಿ ಬಟ್ಟೆ ಕಟ್ಟುತ್ತಿದ್ದ ಅಕ್ಕ ಕೈ ನಿಲ್ಲಿಸಿ ಕೇಳಿದಳು. ಆನಂದಪುರ ಪೇಟೆಯಿಂದ ಒಳದಾರಿ ಹಿಡಿದು ಹೋದರೆ ಸಿಗುವ ಅವಳ ಮನೆಯ ಜಗಲಿಯಲ್ಲಿ ಕೂತು ನಾನು ಒಂದು ಪಟ್ಟಿಯನ್ನು ಗಟ್ಟಿಯಾಗಿ ಓದುತ್ತಿದ್ದೆ. ಅವಳ ಅಪ್ಪೆಮಿಡಿ ಉಪ್ಪಿನಕಾಯಿಯ ಜಾಹೀರಾತನ್ನು ಒತ್ತಿದವರು ಅದಕ್ಕೆ ಮುಂಚೆ ಗೂಗಲ್‌ನಲ್ಲಿ ಏನೆಂದು ಹುಡುಕಿದ್ದರು ಎಂಬ ಪಟ್ಟಿ ಅದು. ಮಿಡಿ ಡ್ರೆಸ್. ಕಪ್ಪು ಮಿಡಿ ಸ್ಕರ್ಟ್. ಮಿಡಿ ಕೀಬೋರ್ಡ್ ಬೆಲೆ. ಉಪ್ಪಿನಕಾಯಿ ಮಾಡುವ ವಿಧಾನ. ಸಾಗರ್ ಹೋಟೆಲ್ ಮೆನು. ಒಂದೊಂದು ಸಾಲಿನ ಎದುರೂ ಒಂದೊಂದು ಮೊತ್ತ. ಅಷ್ಟೂ ಅಕ್ಕನ ಬ್ಯಾಂಕ್ ಖಾತೆಯಿಂದ ಹೋದ ಹಣ.

ಮಿಡಿ ಅಂದರೆ ಮೊಣಕಾಲಿನ ಕೆಳಗೆ ನಿಲ್ಲುವ ಒಂದು ನಮೂನೆಯ ಲಂಗ ಎಂದೆ. ಎಲೆಕ್ಟ್ರಾನಿಕ್ ವಾದ್ಯಗಳನ್ನು ಒಂದಕ್ಕೊಂದು ಜೋಡಿಸುವ ಏರ್ಪಾಡಿಗೂ ಅದೇ ಹೆಸರು ಎಂದೆ. "ನಮ್ಮ ಮಿಡಿಗೂ ಅದಕ್ಕೂ ಎಂತ ಸಂಬಂಧ?" ಅಂದಳು. ಇಂಗ್ಲಿಷಿನ ನಾಲ್ಕು ಅಕ್ಷರದ ಸಂಬಂಧ, ಅಷ್ಟೆ. ಆ ನಾಲ್ಕು ಅಕ್ಷರಕ್ಕೆ ಅವಳು ತಿಂಗಳಿಡೀ ಕಂದಾಯ ಕಟ್ಟಿದ್ದಳು.

ಜಾಹೀರಾತು ಹಾಕಿಕೊಟ್ಟವರು ಈ ಕಡೆಯವರಲ್ಲ. ಅಪ್ಪೆಮಿಡಿ ಎಂಬುದು ಬಿಡಿಸಬಾರದ ಒಂದೇ ಮಾತು ಎಂದು ಅವರಿಗೆ ತಿಳಿದಿರಲಿಲ್ಲ. 'ಮಿಡಿ' ಒಂದು, 'ಪಿಕಲ್' ಒಂದು, ಊರು ಗೊತ್ತಾಗಲೆಂದು 'ಸಾಗರ್' ಇನ್ನೊಂದು, ಹೀಗೆ ಮೂರು ಪದ ಬರೆದುಕೊಂಡು ಮೂರನ್ನೂ ಸಡಿಲ ಬಿಟ್ಟಿದ್ದರು. ಉಪ್ಪಿನಕಾಯಿಯ ರುಚಿಗೆ ಏನೂ ಆಗಿರಲಿಲ್ಲ, ಬೆಲೆಯೂ ಹೆಚ್ಚಿರಲಿಲ್ಲ. ದುಡ್ಡು ಸೋರಿದ್ದು ಈ ಮೂರು ಪದಗಳ ಸಂದಿನಲ್ಲಿ. ಅವತ್ತಿನಿಂದ ಈ ವಿಷಯ ನನ್ನನ್ನು ಬಿಟ್ಟಿಲ್ಲ. ಹೋಂಸ್ಟೇ ನಡೆಸುವವರು, ಅಡಿಕೆ ಸಸಿ ಮಾರುವವರು, ಜೋನಿಬೆಲ್ಲ, ಹಲಸಿನ ಹಪ್ಪಳ ಮಾಡುವವರು, ತೋಟದ ಸಲಕರಣೆ ಇಟ್ಟವರು, ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಎಷ್ಟೋ ಸಣ್ಣ ವ್ಯಾಪಾರಸ್ಥರು ಒಂದಲ್ಲ ಒಂದು ದಿನ ಈ ಜಾಹೀರಾತಿನ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಅವರಿಗೆ ನಾನು ಹೇಳಬೇಕೆಂದಿರುವುದು ಇಷ್ಟು: ಇಲ್ಲಿ ಹಣಕ್ಕಿಂತ ಮೊದಲು ಹೂಡಬೇಕಾದ ಬಂಡವಾಳ ಮಾತು. ಯಾವ ಮಾತು ಕೊಳ್ಳುವವರ ಬಾಯಿಂದ ಬರುತ್ತದೆ, ಯಾವುದು ಬರುವುದಿಲ್ಲ ಎಂಬ ತಿಳಿವಳಿಕೆ ಶಹರದ ಕಚೇರಿಗಿಂತ ನಿಮ್ಮ ಜಗಲಿಯಲ್ಲಿ ಹೆಚ್ಚಿದೆ.

ಮಂಡಿಯ ಟೆಂಡರು, ಪದದ ಹರಾಜು

ಗೂಗಲ್‌ನಲ್ಲಿ ಏನಾದರೂ ಹುಡುಕಿದಾಗ ಫಲಿತಾಂಶಗಳ ತಲೆಯ ಮೇಲೆ 'ಪ್ರಾಯೋಜಿತ' ಎಂಬ ಗುರುತು ಹೊತ್ತ ಕೆಲವು ಸಾಲು ಬರುತ್ತವಲ್ಲ, ಅವೇ ಈ ಜಾಹೀರಾತುಗಳು. ಕಣ್ಣಿಗೆ ಬಿದ್ದರೆ ಖರ್ಚಿಲ್ಲ, ಯಾರಾದರೂ ಒತ್ತಿದರೆ ಖರ್ಚು. ಆದ್ದರಿಂದಲೇ ಪೇ ಪರ್ ಕ್ಲಿಕ್ ಎಂದು ಹೆಸರು. ಹುಡುಕುವ ಪದವನ್ನೇ ಹರಾಜಿಗಿಡುವ ಪದ್ಧತಿಯನ್ನು 1998ರಲ್ಲಿ ಕ್ಯಾಲಿಫೋರ್ನಿಯಾದ ಬಿಲ್ ಗ್ರಾಸ್ ತಮ್ಮ ಗೋ-ಟು ಡಾಟ್ ಕಾಮ್ ಮೂಲಕ ವ್ಯಾಪಾರವಾಗಿ ನಿಲ್ಲಿಸಿದರು. ಮುಂದೆ ಓವರ್‌ಚರ್ ಎಂದು ಹೆಸರು ಬದಲಿಸಿದ ಆ ಕಂಪನಿಯನ್ನು 2003ರಲ್ಲಿ ಯಾಹೂ ಕೊಂಡಿತು. ಗೂಗಲ್ 2000ದ ಅಕ್ಟೋಬರ್‌ನಲ್ಲಿ 350 ಜಾಹೀರಾತುದಾರರೊಂದಿಗೆ ಆಡ್‌ವರ್ಡ್ಸ್ ಶುರು ಮಾಡಿತು, 2002ರಲ್ಲಿ ಕ್ಲಿಕ್ಕಿನ ಹರಾಜಿಗೆ ಬಂತು. 2018ರಿಂದ ಅದರ ಹೆಸರು ಗೂಗಲ್ ಆಡ್ಸ್. 2023ರಲ್ಲಿ ಹುಡುಕಾಟ ಮತ್ತು ಅದಕ್ಕೆ ಸೇರಿದ ಜಾಹೀರಾತುಗಳಿಂದಲೇ ಗೂಗಲ್‌ಗೆ ಬಂದ ಆದಾಯ 175 ಶತಕೋಟಿ ಡಾಲರ್. ಅಕ್ಕನ 'ಮಿಡಿ'ಯ ಕಾಸು ಸೇರುವುದು ಆ ಕಡಲಿಗೆ.

ಅಡಿಕೆ ಬೆಳೆಗಾರರಿಗೆ ಹರಾಜು ಹೊಸದಲ್ಲ. ಮಂಡಿಯಲ್ಲಿ ರಾಶಿಯ ಮುಂದೆ ನಿಂತ ಖರೀದಿದಾರರು ದರ ಬರೆದು ಕೊಡುತ್ತಾರೆ, ಹೆಚ್ಚು ಬರೆದವನಿಗೆ ಮಾಲು. ಗೂಗಲ್‌ನ ಹರಾಜು ಎರಡು ವಿಷಯದಲ್ಲಿ ಬೇರೆ. ಮೊದಲನೆಯದು, ಬರೆದ ದರದ ಜೊತೆಗೆ ನಿಮ್ಮ ಜಾಹೀರಾತು ಎಷ್ಟು ಹೊಂದುತ್ತದೆ ಎಂಬುದನ್ನೂ ತೂಗುತ್ತಾರೆ. ಎರಡನೆಯದು, ಗೆದ್ದವನು ತಾನು ಬರೆದಷ್ಟನ್ನು ಕೊಡಬೇಕಿಲ್ಲ. ಕೆಳಗಿನವನನ್ನು ಮೀರಿಸಲು ಬೇಕಾದಷ್ಟು ಕೊಟ್ಟರೆ ಸಾಕು. ಸರಳ ಮಾಡಿ ಹೇಳುವುದಾದರೆ, ಒಬ್ಬ ಒಂದು ಕ್ಲಿಕ್ಕಿಗೆ 10 ರೂಪಾಯಿ ಬರೆದಿದ್ದಾನೆ, ಅವನ ಜಾಹೀರಾತಿನ ಗುಣಾಂಕ 4. ಇನ್ನೊಬ್ಬಳು 6 ರೂಪಾಯಿ ಬರೆದಿದ್ದಾಳೆ, ಗುಣಾಂಕ 8. ಗುಣಿಸಿದರೆ ಅವನದು 40, ಅವಳದು 48. ಮೇಲಿನ ಜಾಗ ಅವಳಿಗೆ. ಅವನ 40ನ್ನು ಮೀರಲು ಅವಳು ಕೊಡಬೇಕಾದ್ದು 40ನ್ನು 8ರಿಂದ ಭಾಗಿಸಿದಷ್ಟು, ಅಂದರೆ ಸುಮಾರು 5 ರೂಪಾಯಿ. ಕಡಿಮೆ ಕೂಗಿದವಳೇ ಗೆದ್ದಳು, ಕೂಗಿದ್ದಕ್ಕಿಂತ ಕಡಿಮೆಯನ್ನೇ ಕೊಟ್ಟಳು. ನಿಜವಾದ ಲೆಕ್ಕದಲ್ಲಿ ಹುಡುಕುವವರ ಊರು, ಫೋನು, ಹೊತ್ತು ಎಲ್ಲ ಸೇರುತ್ತವೆ, ಆದರೆ ಎಲುಬುಗೂಡು ಇದೇ.

ಆ ಗುಣಾಂಕ ಮೂರು ಕಡೆಯಿಂದ ಬರುತ್ತದೆ: ಜನ ಇದನ್ನು ಒತ್ತುವ ಸಂಭವ ಎಷ್ಟು, ಹುಡುಕಿದ ಮಾತಿಗೂ ಜಾಹೀರಾತಿಗೂ ಎಷ್ಟು ನಂಟು, ಒತ್ತಿದ ಮೇಲೆ ತೆರೆಯುವ ಪುಟ ಎಷ್ಟು ಪ್ರಯೋಜನಕ್ಕೆ ಬರುತ್ತದೆ. ಮೂರಕ್ಕೂ ಬೇರು ಪದದಲ್ಲಿಯೇ ಇದೆ. ಲಂಗ ಹುಡುಕುವವಳ ಎದುರು ಉಪ್ಪಿನಕಾಯಿ ಇಟ್ಟರೆ ಅವಳು ಒತ್ತುವುದು ಕಡಿಮೆ, ಒತ್ತಿದರೂ ಆ ಕ್ಷಣವೇ ಹಿಂದೆ ಹೋಗುತ್ತಾಳೆ. ಅದರಿಂದ ಗುಣಾಂಕ ಇಳಿಯುತ್ತದೆ, ಗುಣಾಂಕ ಇಳಿದಂತೆ ದರ ಏರುತ್ತದೆ. ತಪ್ಪು ಪದಕ್ಕೆ ಹೀಗೆ ಎರಡು ಸಲ ದಂಡ.

ಊರಿನ ಹೆಸರೇ ತೊಡಕು

ಆನಂದಪುರವನ್ನೇ ನೋಡಿ. ರೈಲು ನಿಲ್ದಾಣದ ಹೆಸರು ಆನಂದಪುರಂ. ಬ್ರಿಟಿಷರ ಕಾಲದ ಗೆಜೆಟಿಯರ್‌ಗಳಲ್ಲಿ ಅನಂತಪುರ. ಕೆಳದಿ ಅರಸರ ನೆನಪಿನ ಚಂಪಕ ಸರಸು ಇರುವ ಊರು ಎಂದರೆ ಚರಿತ್ರೆ ಬಲ್ಲವರು ತಲೆಯಾಡಿಸುತ್ತಾರೆ. ಯಂತ್ರಕ್ಕೆ ಆ ನೆನಪಿಲ್ಲ. ಆಂಧ್ರದ ಅನಂತಪುರ, ಪಂಜಾಬಿನ ಆನಂದಪುರ ಸಾಹಿಬ್, ಒಡಿಶಾದ ಆನಂದಪುರ, ಬೆಂಗಳೂರಿನ ಕೆ.ಆರ್. ಪುರದ ಕಡೆಯ ಆನಂದಪುರ, ಎಲ್ಲವೂ ಇಂಗ್ಲಿಷ್ ಅಕ್ಷರದಲ್ಲಿ ಒಂದೆರಡು ಕಾಗುಣಿತದ ಆಚೆ ಈಚೆ.

ಸಾಗರದ ತೊಡಕು ಇನ್ನೂ ದೊಡ್ಡದು. ಮಧ್ಯಪ್ರದೇಶದಲ್ಲಿ ಒಂದು ಸಾಗರ್ ಜಿಲ್ಲೆಯೇ ಇದೆ. ಆದರೆ ನಿಮ್ಮ ಜಾಹೀರಾತು ಬೆಂಗಳೂರು, ಮೈಸೂರು, ಹುಬ್ಬಳ್ಳಿಯವರಿಗೆ ಮಾತ್ರ ಕಾಣಲಿ ಎಂದು ಗಡಿ ಹಾಕಿದರೆ ಆ ಸಾಗರ್ ಬಹುಮಟ್ಟಿಗೆ ದೂರವಾಗುತ್ತದೆ. ದೂರವಾಗದೆ ಕಾಡುವವು ಬೆಂಗಳೂರಿನೊಳಗಿನ ಸಾಗರಗಳು. ಶಾಂತಿ ಸಾಗರ, ಸುಖ ಸಾಗರ ಎಂದು ಹೋಟೆಲುಗಳ ಸಾಲೇ ಇದೆ. ಸಾಗರ್ ಆಸ್ಪತ್ರೆ ಇದೆ. ದಯಾನಂದ ಸಾಗರ್ ಕಾಲೇಜಿದೆ. ಕಾಲೇಜಿನ ಹತ್ತಿರ ಬಾಡಿಗೆ ರೂಮು ಹುಡುಕುವ ವಿದ್ಯಾರ್ಥಿ 'ಸಾಗರ್ ಹತ್ತಿರ ರೂಮ್' ಎಂದರೆ, ಇಕ್ಕೇರಿ ಅಘೋರೇಶ್ವರನ ಗುಡಿ ನೋಡಲು ಬರುವ ಕುಟುಂಬಕ್ಕಾಗಿ ಕಾದು ಕೂತ ಹೋಂಸ್ಟೇಯ ಜಾಹೀರಾತು ಅವನೆದುರು ಎದ್ದು ನಿಲ್ಲಬಹುದು. ಹುಡುಗ ಕುತೂಹಲಕ್ಕೆ ಒತ್ತಿದರೆ ಅದಕ್ಕೂ ದುಡ್ಡು.

ಜೋಗ ಎಂದು ಇಂಗ್ಲಿಷಿನಲ್ಲಿ ಬರೆದರೆ ಬೆಳಗಿನ ಓಟ; ಓಟದ ಬೂಟು ಹುಡುಕುವವರೂ ಅದೇ ಪದದಲ್ಲಿ ಬರುತ್ತಾರೆ. ಹೊಸನಗರ ತಾಲ್ಲೂಕಿನ ನಗರ, ಅಂದರೆ ಹಳೆಯ ಬಿದನೂರು, ಬರೀ 'ನಗರ' ಎಂದರೆ ನಾಡಿನ ಯಾವ ಬಡಾವಣೆಯೂ ಆದೀತು. ಅಲ್ಲಿಗೆ 'ನಗರ ಕೋಟೆ', 'ಬಿದನೂರು ಕೋಟೆ', 'ಶಿವಪ್ಪ ನಾಯಕನ ಕೋಟೆ' ಎಂದು ಕಟ್ಟಿ ಹಾಕಿದರೆ ಮಾತ್ರ ಹುಡುಕಾಟ ನೆಲೆಗೆ ಬರುತ್ತದೆ. ತೀರ್ಥಹಳ್ಳಿಗೆ ಇಂಥ ಸಮಾನನಾಮಿಗಳ ಕಾಟ ಕಡಿಮೆ, ಅಲ್ಲಿನದು ಕಾಗುಣಿತದ ಸಮಸ್ಯೆ. ಇಂಗ್ಲಿಷಿನಲ್ಲಿ ಟಿ ಆದ ಮೇಲೆ ಎಚ್ ಹಾಕುವವರಿದ್ದಾರೆ, ಹಾಕದವರಿದ್ದಾರೆ, ಐ ಬದಲು ಎರಡು ಇ ಬರೆಯುವವರಿದ್ದಾರೆ. ಕುಪ್ಪಳಿ, ಕವಲೇದುರ್ಗ, ಆಗುಂಬೆಗಳ ಹೆಸರು ಜೊತೆಗೆ ಬಂದರೆ ಬರುವವರು ಯಾರೆಂಬುದು ಖಚಿತವಾಗುತ್ತದೆ. ಕುಪ್ಪಳಿಗೆ ಹೋಗುವವರು ಕವಿಮನೆ ನೋಡಲು ಹೊರಟವರು, ರಾತ್ರಿ ಎಲ್ಲಿ ತಂಗುವುದು ಎಂಬ ಪ್ರಶ್ನೆ ಅವರ ಹಿಂದೆಯೇ ಬರುತ್ತದೆ.

ಪದಗಳಿಗೆ ಆಯಸ್ಸೂ ಇರುತ್ತದೆ. ಸಿಗಂದೂರಿಗೆ ಹೊರಡುವವರು ಶರಾವತಿ ಹಿನ್ನೀರು ದಾಟಲು ಲಾಂಚ್ ಎಷ್ಟು ಹೊತ್ತಿಗೆ ಎಂದು ಕೇಳುತ್ತಿದ್ದ ಕಾಲವೊಂದಿತ್ತು. 2025ರ ಜುಲೈ 14ರಂದು ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವಿನ ಸೇತುವೆ ಉದ್ಘಾಟನೆಯಾಯಿತು. ಹೊಳೆಬಾಗಿಲಿನ ಕಾಯುವಿಕೆಯ ಜೊತೆಗೇ ಆ ಪ್ರಶ್ನೆಯೂ ಹಳತಾಯಿತು. ಈಗಲೂ 'ಲಾಂಚ್' ಪದಕ್ಕೆ ದುಡ್ಡು ಕಟ್ಟುತ್ತಿರುವ ಹೋಂಸ್ಟೇ ಇದ್ದರೆ ಅದನ್ನು ಇವತ್ತೇ ತೆಗೆಯಬೇಕು. ಇಂಗ್ಲಿಷಿನಲ್ಲಿ ಆ ಪದ ಮೊಬೈಲ್ ಬಿಡುಗಡೆಯಿಂದ ಹಿಡಿದು ರಾಕೆಟ್ ಉಡಾವಣೆಯವರೆಗೆ ಎಲ್ಲಿಗೆ ಬೇಕಾದರೂ ಎಳೆದೊಯ್ಯುತ್ತದೆ.

ಗಡಿ ಹಾಕುವ ವಿಷಯ ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಹೊಸಬರು ಮಾಡುವ ಸಾಮಾನ್ಯ ತಪ್ಪು, ತಮ್ಮ ಅಂಗಡಿಯ ಸುತ್ತ 20 ಕಿಲೋಮೀಟರ್ ವೃತ್ತ ಎಳೆಯುವುದು. ಸಸಿ ಮಾರುವವರಿಗೆ, ಪಂಪ್‌ಸೆಟ್ ರಿಪೇರಿಯವರಿಗೆ ಅದು ಸರಿ. ಹೋಂಸ್ಟೇಯವರಿಗೆ ಪೂರ್ತಿ ತಲೆಕೆಳಗು. ಆನಂದಪುರದಲ್ಲಿ ಮನೆ ಇರುವವರಿಗೆ ಆನಂದಪುರದಲ್ಲಿ ಹೋಂಸ್ಟೇ ಬೇಡ. ಇನ್ನೊಂದು ಸೂಕ್ಷ್ಮವೂ ಇದೆ. ಗೂಗಲ್ ತಾನಾಗಿಯೇ ಇಟ್ಟಿರುವ ಆಯ್ಕೆಯಲ್ಲಿ, ನೀವು ಹೆಸರಿಸಿದ ಜಾಗದಲ್ಲಿ ಇರುವವರ ಜೊತೆಗೆ ಆ ಜಾಗದ ಬಗ್ಗೆ ಆಸಕ್ತಿ ತೋರಿದವರೂ ಸೇರುತ್ತಾರೆ. ನರ್ಸರಿಯವರು ಅದನ್ನು ಬದಲಿಸಿ 'ಅಲ್ಲಿ ಇರುವವರು ಮಾತ್ರ' ಎಂದು ಮಾಡಿಕೊಳ್ಳಬೇಕು. ಇಲ್ಲದಿದ್ದರೆ ಜೋಗದ ಫೋಟೊ ನೋಡುತ್ತ ದೂರದ ದೆಹಲಿಯಲ್ಲಿ ಕೂತವರಿಗೂ ಅಡಿಕೆ ಸಸಿಯ ಜಾಹೀರಾತು ಕಂಡೀತು.

ದೋಟಿ, ಕೊನೆ, ಧಾರಣೆ

ತೋಟದ ಮಾತಿಗೆ ಬಂದರೆ ಕಥೆ ಇನ್ನಷ್ಟು ಸ್ವಾರಸ್ಯವಾಗುತ್ತದೆ. ಮರ ಹತ್ತದೆ ನೆಲದಲ್ಲಿ ನಿಂತೇ ಕೊನೆ ಕೊಯ್ಯುವ, ಮದ್ದು ಹೊಡೆಯುವ ಕಾರ್ಬನ್ ಫೈಬರ್ ದೋಟಿ ಈಚಿನ ವರ್ಷಗಳಲ್ಲಿ ಮಲೆನಾಡಿನ ತೋಟಗಳಿಗೆ ಬಂದಿದೆ. ಕೊನೆಗಾರರು ಸಿಗದ ಕಾಲದಲ್ಲಿ ಅದಕ್ಕೆ ಬೇಡಿಕೆಯೂ ಇದೆ. ಮಾರುವವರು ಇಂಗ್ಲಿಷ್ ಅಕ್ಷರದಲ್ಲಿ 'ದೋಟಿ' ಎಂದು ಬರೆದುಕೊಂಡರೆ ಏನಾಗುತ್ತದೆ? ಯಂತ್ರ ಅದನ್ನು ಕಾಗುಣಿತ ತಪ್ಪಿದ ಧೋತಿ ಎಂದು ತಿದ್ದಿಕೊಂಡು ಮದುವೆಗೆ ರೇಷ್ಮೆ ಪಂಚೆ ಹುಡುಕುವವರ ಎದುರು ದೋಟಿ ನಿಲ್ಲಿಸೀತು. 'ಕೊನೆ' ಎಂದು ಬರೆದರೆ ಅದು ಅಡಿಕೆ ಕೊನೆಯೂ ಆಗುತ್ತದೆ, ಮುಗಿಯುವ ಕೊನೆಯೂ ಆಗುತ್ತದೆ, ಮಲಗುವ ಕೋಣೆಯೂ ಆಗುತ್ತದೆ. ಅದೇ ನಾಲ್ಕು ಇಂಗ್ಲಿಷ್ ಅಕ್ಷರದಲ್ಲಿ ಫಿನ್ಲೆಂಡಿನ ಒಂದು ದೊಡ್ಡ ಲಿಫ್ಟ್ ಕಂಪನಿಯೂ ಇದೆ.

ಇದಕ್ಕೆ ಮದ್ದು ಪದವನ್ನು ಉದ್ದ ಮಾಡುವುದು. 'ಅಡಿಕೆ ಕೊನೆ ಕೊಯ್ಯುವ ದೋಟಿ', 'ಮದ್ದು ಹೊಡೆಯುವ ಕಾರ್ಬನ್ ದೋಟಿ', 'ದೋಟಿ ಸಬ್ಸಿಡಿ', 'ದೋಟಿ ಬೆಲೆ ಎಷ್ಟು'. ಇವುಗಳಲ್ಲಿ ಒಂದೊಂದನ್ನೂ ಹುಡುಕುವವರ ಸಂಖ್ಯೆ ಚಿಕ್ಕದು, ಆದರೆ ಹುಡುಕಿದವರು ತೋಟ ಇರುವವರೇ.

ಎಲ್ಲಕ್ಕಿಂತ ಮೋಸದ ಪದ ಎಂದರೆ 'ಅಡಿಕೆ'. ನಮ್ಮ ಸೀಮೆಯಲ್ಲಿ ಬೆಳಗಾದರೆ ಅಡಿಕೆಯ ಹೆಸರಿನಲ್ಲಿ ಜನ ಹುಡುಕುವುದು ಧಾರಣೆಯನ್ನು. ರಾಶಿ ಎಷ್ಟಾಯಿತು, ಬೆಟ್ಟೆ ಎಷ್ಟು, ಚಾಲಿ ಏರಿತೋ ಇಳಿಯಿತೋ. ಅಡಿಕೆ ಸುಲಿಯುವ ಯಂತ್ರ ಮಾರುವವರು ಬರೀ 'ಅಡಿಕೆ' ಎಂದು ಪದ ಹಾಕಿದರೆ ಈ ಜನವೆಲ್ಲ ಅವರ ಬಾಗಿಲಿಗೆ ಬರುತ್ತಾರೆ. ಬಂದವರು ಬೆಳೆಗಾರರೇ, ಯಂತ್ರ ಬೇಕಾದವರೂ ಅವರೊಳಗೆ ಇರಬಹುದು. ಆದರೆ ಆ ಹೊತ್ತಿನಲ್ಲಿ ಅವರ ಮನಸ್ಸು ಇರುವುದು ಮಾರುವುದರಲ್ಲಿ, ಕೊಳ್ಳುವುದರಲ್ಲಿ ಇಲ್ಲ. ಆಂದ್ರೇ ಬ್ರೋಡರ್ ಎಂಬ ಕಂಪ್ಯೂಟರ್ ವಿಜ್ಞಾನಿ 2002ರಲ್ಲಿ ಜನರ ಹುಡುಕಾಟವನ್ನು ಮೂರು ಬಗೆಯಾಗಿ ವಿಂಗಡಿಸಿದರು: ಏನನ್ನಾದರೂ ತಿಳಿಯಬೇಕು ಎನ್ನುವವರು, ಗೊತ್ತಿರುವ ಜಾಲತಾಣಕ್ಕೇ ಹೋಗಬೇಕು ಎನ್ನುವವರು, ಏನಾದರೂ ಮಾಡಬೇಕು, ಕೊಳ್ಳಬೇಕು ಎನ್ನುವವರು. 'ಅಡಿಕೆ ಧಾರಣೆ' ಮೊದಲ ಬಗೆ. 'ಅಡಿಕೆ ಸುಲಿಯುವ ಮೆಷಿನ್ ಸಾಗರ' ಮೂರನೆಯ ಬಗೆ. ಮನುಷ್ಯ ಅವನೇ ಇರಬಹುದು, ಗಳಿಗೆ ಬೇರೆ.

ಇರುವಕ್ಕಿಯಲ್ಲಿ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ಆವರಣ ಬಂದ ಮೇಲೆ ಆನಂದಪುರದ ಸುತ್ತ ಹೊಸ ಪದಗಳೂ ಬಂದಿವೆ. ಆಸುಪಾಸಿನ ನರ್ಸರಿಯವರು ವಿಳಾಸಕ್ಕೆಂದು 'ಇರುವಕ್ಕಿ' ಪದ ಹಾಕಬೇಕೆಂದುಕೊಂಡರೆ ಒಮ್ಮೆ ಯೋಚಿಸಲಿ. ಆ ಹೆಸರನ್ನು ಹುಡುಕುವವರಲ್ಲಿ ಪ್ರವೇಶ, ಫಲಿತಾಂಶ, ನೌಕರಿ ಅರಸುವ ಮಕ್ಕಳೂ ತುಂಬ ಜನ ಇರುತ್ತಾರೆ. 'ಇರುವಕ್ಕಿ ಹತ್ತಿರ ಅಡಿಕೆ ಸಸಿ' ಎಂದು ಬಿಗಿದರೆ ತೊಂದರೆಯಿಲ್ಲ.

ಬೇಡ ಎನ್ನುವ ಪಟ್ಟಿ

ಈ ಬಿಗಿತವನ್ನು ಯಂತ್ರಕ್ಕೆ ಹೇಳಲು ಮೂರು ದಾರಿ ಇವೆ. ಪದವನ್ನು ಬರಿದೇ ಬರೆದರೆ ಅದು ಬ್ರಾಡ್. ಹತ್ತಿರದ್ದು, ದೂರದ್ದು, ತನಗೆ ನಂಟು ಎನಿಸಿದ್ದೆಲ್ಲಕ್ಕೂ ಗೂಗಲ್ ಜಾಹೀರಾತು ತೋರಿಸುತ್ತದೆ. ಉದ್ಧರಣ ಚಿಹ್ನೆಯೊಳಗೆ ಬರೆದರೆ ಫ್ರೇಸ್. ಆ ಮಾತಿನ ಅರ್ಥ ಒಳಗೊಂಡ ಹುಡುಕಾಟಕ್ಕೆ ಮಾತ್ರ. ಚೌಕ ಕಂಸದೊಳಗೆ ಬರೆದರೆ ಎಕ್ಸ್ಯಾಕ್ಟ್. ಅದೇ ಅರ್ಥದ ಹುಡುಕಾಟ ಮಾತ್ರ. ದೊಡ್ಡ ಕಂಪನಿಗಳು ಈಗ ಬ್ರಾಡ್ ಹಾಕಿ ಉಳಿದದ್ದನ್ನು ಯಂತ್ರದ ಕಲಿಕೆಗೆ ಬಿಡುತ್ತವೆ. ಅವರಿಗೆ ದಿನಕ್ಕೆ ಸಾವಿರಾರು ಕ್ಲಿಕ್ಕು, ನೂರಾರು ಮಾರಾಟ. ಯಂತ್ರ ಬೇಗ ಕಲಿಯುತ್ತದೆ. ದಿನಕ್ಕೆ ಇನ್ನೂರು ರೂಪಾಯಿ ಇಡುವ ಮನೆ ಉದ್ಯಮಕ್ಕೆ ಆ ಕಲಿಕೆಯ ಫೀಸು ಕಟ್ಟುವ ಶಕ್ತಿ ಇಲ್ಲ. ಅಂಥವರು ಬಿಗಿ ಪದಗಳಿಂದ ಶುರು ಮಾಡಿ, ಮಾರಾಟದ ಲೆಕ್ಕ ಕೂಡಿದ ಮೇಲೆ ಹಗ್ಗ ಸಡಿಲಿಸುವುದು ಕ್ಷೇಮ ಎಂಬುದು ನನ್ನ ಖಚಿತ ಅಭಿಪ್ರಾಯ. ಖಾತೆಯೊಳಗೆ ಗೂಗಲ್‌ನ ಶಿಫಾರಸುಗಳು ತಾವಾಗಿಯೇ ಜಾರಿಯಾಗುವ ಒಂದು ಗುಂಡಿ ಇದೆ. ಅದು ಏನೆಂದು ಅರ್ಥವಾಗುವವರೆಗೆ ಆರಿಸಿಡಿ.

ಬೇಕಾದ ಪದಗಳ ಪಟ್ಟಿಗಿಂತ ನನಗೆ ಪ್ರಿಯವಾದದ್ದು ಬೇಡದ ಪದಗಳ ಪಟ್ಟಿ. ನೆಗೆಟಿವ್ ಕೀವರ್ಡ್ ಎನ್ನುತ್ತಾರೆ. ಈ ಪದ ಹುಡುಕಾಟದಲ್ಲಿ ಇದ್ದರೆ ನನ್ನ ಜಾಹೀರಾತು ತೋರಿಸಬೇಡ ಎಂಬ ಅಪ್ಪಣೆ. ಅಕ್ಕನ ಪಟ್ಟಿಯಲ್ಲಿ ಮೊದಲ ದಿನ ಸೇರಿದವು: ಡ್ರೆಸ್, ಸ್ಕರ್ಟ್, ಕೀಬೋರ್ಡ್, ರೆಸಿಪಿ, ಮಾಡುವ ವಿಧಾನ, ಮಾಡುವುದು ಹೇಗೆ, ಉಚಿತ, ಕೆಲಸ, ಆಸ್ಪತ್ರೆ, ಕಾಲೇಜು, ಮೆನು. ಎಚ್ಚರ ಬೇಕಾದ್ದು ಎರಡು ಕಡೆ. ಬೇಕಾದ ಪದಕ್ಕೆ ಗೂಗಲ್ ತಾನೇ ಸಮಾನಾರ್ಥಗಳನ್ನು ಹುಡುಕಿಕೊಳ್ಳುತ್ತದೆ, ಬೇಡದ ಪದಕ್ಕೆ ಹಾಗೆ ಮಾಡುವುದಿಲ್ಲ. 'ರೆಸಿಪಿ' ತಡೆದರೆ 'ಮಾಡುವ ವಿಧಾನ' ತಡೆದಂತಾಗದು. ಕನ್ನಡದ್ದು ಬೇರೆ, ಇಂಗ್ಲಿಷಿನದು ಬೇರೆ, ಏಕವಚನ ಬೇರೆ, ಬಹುವಚನ ಬೇರೆ ಬರೆಯಬೇಕು. ಎರಡನೆಯದು, ಸಿಟ್ಟಿನಲ್ಲಿ ಕೊಯ್ಯಬಾರದು. ಹೋಂಸ್ಟೇಯವರೊಬ್ಬರು ಸಾಗರ್ ಹೋಟೆಲುಗಳ ಕಾಟಕ್ಕೆ ಬೇಸತ್ತು 'ಹೋಟೆಲ್' ಎಂಬುದನ್ನೇ ತಡೆದರೆ, ತಂಗುವ ಜಾಗಕ್ಕೂ ಹೋಟೆಲ್ ಎಂದೇ ಹೇಳುವ ನಿಜವಾದ ಅತಿಥಿಯೂ ಹೊರಗುಳಿಯುತ್ತಾನೆ. ತಡೆಯಬೇಕಾದ್ದು 'ಮೆನು', 'ದರ್ಶಿನಿ', 'ಜಯನಗರ' ಇಂಥವನ್ನು.

ಈ ಪಟ್ಟಿ ಬೆಳೆಯುವುದು ವಾರಕ್ಕೊಮ್ಮೆ ಜನ ಹುಡುಕಿದ ಮಾತುಗಳ ವರದಿಯನ್ನು ಓದುವುದರಿಂದ. 2020ರ ಸೆಪ್ಟೆಂಬರ್‌ನಿಂದ ಗೂಗಲ್ ಅದರಲ್ಲಿ ಎಲ್ಲ ಹುಡುಕಾಟಗಳನ್ನೂ ತೋರಿಸುವುದಿಲ್ಲ, ಸಾಕಷ್ಟು ಜನ ಹುಡುಕಿದವನ್ನು ಮಾತ್ರ ತೋರಿಸುತ್ತದೆ. ನಮ್ಮ ಚಿಕ್ಕ ಚಿಕ್ಕ ಪದಗಳಿಗೆ ಇದರಿಂದ ನಷ್ಟವೇ. ಆದರೂ ಕಂಡಷ್ಟನ್ನು ಓದಿದರೆ ಉಳಿಯುವ ಹಣ ಕಡಿಮೆಯದಲ್ಲ.

ಎಷ್ಟು ಉಳಿಯುತ್ತದೆ ಎಂಬುದಕ್ಕೆ ಒಂದು ಕಾಲ್ಪನಿಕ ಲೆಕ್ಕ ಇಡೋಣ. 1,000 ಕ್ಲಿಕ್ಕು, ಒಂದಕ್ಕೆ 5 ರೂಪಾಯಿ. 5,000 ಆಯಿತು. ಅದರ ಮೇಲೆ ಶೇ 18 ಜಿಎಸ್‌ಟಿ 900, ಒಟ್ಟು 5,900. ನೋಂದಣಿ ಇಲ್ಲದ ಮನೆ ಉದ್ಯಮಕ್ಕೆ ಈ ತೆರಿಗೆ ಮರಳಿ ಬರುವುದಿಲ್ಲ, ಆದ್ದರಿಂದ ಅದನ್ನೂ ಖರ್ಚಿಗೇ ಹಾಕಬೇಕು. ಬಂದ ಆರ್ಡರು 20, ಒಂದೊಂದರಲ್ಲಿ ಎಲ್ಲ ಕಳೆದು ಕೈಯಲ್ಲಿ ಉಳಿಯುವುದು 250 ರೂಪಾಯಿ ಎಂದರೆ 5,000. ಅಂದರೆ 900 ರೂಪಾಯಿ ನಷ್ಟ. ಈಗ ವರದಿ ತೆರೆದು ನೋಡಿದರೆ 600 ಕ್ಲಿಕ್ಕು ಲಂಗ, ರೆಸಿಪಿ, ಹೋಟೆಲಿನವು. ಅವುಗಳಿಂದ ಬಂದ ಆರ್ಡರು ಸೊನ್ನೆ. ಆ ಪದಗಳನ್ನು ತಡೆದರೆ ಉಳಿಯುವುದು 400 ಕ್ಲಿಕ್ಕು, ತೆರಿಗೆ ಸೇರಿ 2,360 ರೂಪಾಯಿ ಖರ್ಚು. ಆರ್ಡರು ಅದೇ 20. ನಷ್ಟವಿದ್ದಲ್ಲಿ 2,640 ರೂಪಾಯಿ ಲಾಭ. ಉಪ್ಪಿನಕಾಯಿ ಬದಲಾಗಲಿಲ್ಲ, ಬೆಲೆ ಏರಲಿಲ್ಲ, ಒಬ್ಬ ಹೊಸ ಗಿರಾಕಿಯೂ ಬರಲಿಲ್ಲ.

ಇದೇ ಲೆಕ್ಕ ಇನ್ನೊಂದು ಉಪಕಾರ ಮಾಡುತ್ತದೆ. ಮೊದಲು 50 ಕ್ಲಿಕ್ಕಿಗೆ ಒಂದು ಆರ್ಡರು ಇತ್ತು, ಈಗ 20 ಕ್ಲಿಕ್ಕಿಗೆ ಒಂದು. 250 ರೂಪಾಯಿಯನ್ನು 20ಕ್ಕೆ ಹಂಚಿದರೆ ಒಂದು ಕ್ಲಿಕ್ಕಿಗೆ 12 ರೂಪಾಯಿ 50 ಪೈಸೆ. ತೆರಿಗೆ ಸೇರಿ ಅಷ್ಟರೊಳಗೆ ಬಿದ್ದರೆ ನಷ್ಟವಿಲ್ಲ. ಅಂದರೆ ಒಳ್ಳೆಯ ಪದಕ್ಕೆ ಈಗ 5 ರೂಪಾಯಿಗಿಂತ ಹೆಚ್ಚು ಕೂಗುವ ಧೈರ್ಯವೂ ಬರುತ್ತದೆ. ಇದಕ್ಕೆಲ್ಲ ಆರ್ಡರು ಯಾವ ಪದದಿಂದ ಬಂತು ಎಂದು ಗೊತ್ತಿರಬೇಕು. ಫೋನು, ವಾಟ್ಸ್ಆ್ಯಪ್ ಗುಂಡಿ ಒತ್ತಿದ್ದನ್ನು ಎಣಿಸುವ ಏರ್ಪಾಡನ್ನು ಮೊದಲ ದಿನವೇ ಮಾಡಿಕೊಳ್ಳದಿದ್ದರೆ ಕತ್ತಲಲ್ಲಿ ಅಡಿಕೆ ಆರಿಸಿದ ಹಾಗೆ. ಅದಕ್ಕಿಂತಲೂ ಮೊದಲು, ದುಡ್ಡು ಕೊಡದೇ ಸಿಗುವ ಗೂಗಲ್ ನಕಾಶೆಯ ವ್ಯಾಪಾರ ವಿವರವನ್ನು ಫೋಟೊ, ಫೋನ್ ನಂಬರು, ಬಾಗಿಲು ತೆರೆಯುವ ವೇಳೆಯ ಸಮೇತ ತುಂಬಿರಬೇಕು.

ಅನಂತಭಟ್ಟನ ಅಪ್ಪೆ

ಇಷ್ಟಾದ ಮೇಲೆ ಉಳಿದದ್ದು ಬೇಕಾದ ಪದಗಳ ಹುಡುಕಾಟ. ಯಂತ್ರವೂ ಪದ ಸೂಚಿಸುತ್ತದೆ, ಅದಕ್ಕೆಂದೇ ಕೀವರ್ಡ್ ಪ್ಲಾನರ್ ಎಂಬ ಸಲಕರಣೆ ಇದೆ. ಅಕ್ಕನಿಗಾಗಿ ಅದನ್ನು ತೆರೆದಾಗ ಬಂದದ್ದು ಮ್ಯಾಂಗೋ ಪಿಕಲ್, ಹೋಂಮೇಡ್ ಪಿಕಲ್, ಪಿಕಲ್ ಆನ್‌ಲೈನ್. ದೇಶದ ದೊಡ್ಡ ಉಪ್ಪಿನಕಾಯಿ ಕಂಪನಿಗಳೆಲ್ಲ ಕೂಗು ಹಾಕುವ ಕಣ ಅದು. ಮೊಬೈಲ್ ಬದಿಗಿಟ್ಟು ಅಕ್ಕನನ್ನೇ ಕೇಳಿದೆ.

ಅವಳ ಬಾಯಿಂದ ಹೆಸರುಗಳು ಧಾರೆಯಾಗಿ ಬಂದವು. ಅಪ್ಪೆಮಿಡಿ, ಮಾವಿನಮಿಡಿ, ಮಿಡಿಗಾಯಿ. ಜೀರಿಗೆ ಮಿಡಿ, ಜೀರಿಗೆಯ ವಾಸನೆಯದು. ಅನಂತಭಟ್ಟನ ಅಪ್ಪೆ. ಮಾಳಂಜಿ. ಕರ್ಣಕುಂಡಲ. ಹೊಳೆದಂಡೆಯ ಒಂದೊಂದು ಮರಕ್ಕೂ ಒಂದೊಂದು ಹೆಸರು, ಒಂದೊಂದು ವಾಸನೆ. ಭೌಗೋಳಿಕ ಸೂಚಿಕೆ ಪಡೆದ ಕಾಯಿ ಇದು. ಹಂಗಾಮಿನಲ್ಲಿ ರಿಪ್ಪನ್‌ಪೇಟೆಯಲ್ಲಿ ಮಿಡಿಯ ವ್ಯಾಪಾರ ನೋಡಿದವರಿಗೆ ಅದರ ಮರ್ಯಾದೆ ಗೊತ್ತು. 'ಅನಂತಭಟ್ಟನ ಅಪ್ಪೆ' ಎಂದು ಗೂಗಲ್‌ನಲ್ಲಿ ಬರೆಯುವವರು ಲಂಗ ಹುಡುಕುವವರಲ್ಲ. ಬೆಂಗಳೂರಿನ ಫ್ಲಾಟಿನಲ್ಲೋ ಅಮೆರಿಕದಲ್ಲೋ ಕೂತು ತವರಿನ ಊಟ ನೆನೆಸಿಕೊಂಡವರು, ಇಲ್ಲವೇ ಕಸಿಗಿಡ ಹುಡುಕುವವರು. ಒಂದು ತಿಂಗಳಲ್ಲಿ ಹತ್ತೇ ಜನ ಬಂದರೂ ಆ ಹತ್ತು ಜನಕ್ಕೆ ಏನು ಬೇಕೆಂಬುದು ಖಚಿತ. ಕಸಿಗಿಡದವರನ್ನು ಬೇರೆ ಮಾಡಲು 'ಕಸಿ', 'ಸಸಿ', 'ಗಿಡ' ಪದಗಳನ್ನು ಬೇಡದ ಪಟ್ಟಿಗೆ ಹಾಕಿದೆವು. ಅದೇ ಮೂರು ಪದ ನರ್ಸರಿಯವರಿಗೆ ಬಂಗಾರ.

ಹಂಗಾಮನ್ನೂ ಅವಳೇ ವಿಂಗಡಿಸಿದಳು. ಮಿಡಿ ಸಿಗುವ ಬೇಸಿಗೆಯ ಮೊದಲ ದಿನಗಳಲ್ಲಿ ಊರಿನ ಕಡೆಯವರೆಲ್ಲ ತಾವೇ ಉಪ್ಪಿಗೆ ಹಾಕುತ್ತಾರೆ, ಆಗ ವಿಧಾನ ಹುಡುಕುವವರೇ ಜಾಸ್ತಿ. ಮಳೆ ಹಿಡಿದ ಮೇಲೆ, ಗಂಜಿಗೆ ನೆಂಚಿಕೊಳ್ಳಲು ಏನಾದರೂ ಬೇಕು ಎನಿಸಿದಾಗ ಕೊಳ್ಳುವವರು ಬರುತ್ತಾರೆ. "ಹಾಂಗಾದ್ರೆ ಹಣ ಆಗ ಇಡದು ಅಲ್ದಾ?" ಅಂದಳು. ಬಜೆಟ್ಟನ್ನು ತಿಂಗಳ ಮೇಲೆ ಹೇಗೆ ಹಂಚಬೇಕು ಎಂದು ಯಾವ ಏಜೆನ್ಸಿಯೂ ಅವಳಿಗೆ ಇಷ್ಟು ನೇರವಾಗಿ ಹೇಳಿರಲಿಲ್ಲ.

ಕನ್ನಡ ಲಿಪಿಯ ವಿಷಯ ಹೇಳಲೇಬೇಕು. ಮಿಡಿ, ದೋಟಿ, ಕೊನೆ ಎಂದು ಕನ್ನಡದಲ್ಲೇ ಬರೆದರೆ ಮೇಲೆ ಹೇಳಿದ ಗೊಂದಲಗಳಲ್ಲಿ ಬಹುಪಾಲು ತಾನಾಗಿಯೇ ಕರಗುತ್ತವೆ. ಕನ್ನಡದಲ್ಲಿ ಕೊನೆಗೂ ಕೋಣೆಗೂ ಅಕ್ಷರವೇ ಬೇರೆ. ಫೋನಿಗೆ ಮಾತಾಡಿ ಹುಡುಕುವವರು ಹೆಚ್ಚುತ್ತಿರುವ ಕಾಲದಲ್ಲಿ ಕನ್ನಡದ ಹುಡುಕಾಟ ಕೀಬೋರ್ಡ್ ಬಾರದವರ ಮನೆಯಿಂದಲೂ ಹೊರಡುತ್ತದೆ. ನಮ್ಮ ಭಾಷೆಯ ಗುಣವನ್ನು ಮಾತ್ರ ನೆನಪಿಡಬೇಕು. ಇಂಗ್ಲಿಷಿನಲ್ಲಿ ಊರಿನ ಹೆಸರು ಹೇಗಿದೆಯೋ ಹಾಗೇ ನಿಲ್ಲುತ್ತದೆ. ಕನ್ನಡದಲ್ಲಿ ಅದು ಸಾಗರದಲ್ಲಿ, ಸಾಗರದ, ಸಾಗರಕ್ಕೆ ಎಂದು ಬಾಲ ಬೆಳೆಸುತ್ತದೆ. 'ಅಪ್ಪೆಮಿಡಿ' ಕೂಡಿಸಿಯೂ ಬರೆಯುತ್ತಾರೆ, ಬಿಡಿಸಿಯೂ ಬರೆಯುತ್ತಾರೆ. ಆ ರೂಪಗಳನ್ನೆಲ್ಲ ಪಟ್ಟಿಗೆ ಸೇರಿಸಬೇಕು. ಜಾಹೀರಾತಿನ ಸಾಲೂ ತೆರೆಯುವ ಪುಟವೂ ಕನ್ನಡದಲ್ಲೇ ಇರಬೇಕು, ಏಕೆಂದರೆ ಗೂಗಲ್ ಜಾಹೀರಾತನ್ನು ನಿಮಗಾಗಿ ಅನುವಾದಿಸಿ ಕೊಡುವುದಿಲ್ಲ. ಕನ್ನಡದಲ್ಲಿ ಕರೆದು ಇಂಗ್ಲಿಷ್ ಪುಟಕ್ಕೆ ತಂದು ಕೂರಿಸಿದರೆ ಬಂದವರು ಎದ್ದು ಹೋಗುತ್ತಾರೆ.

ಅಕ್ಕ ಈಗ ಫೋನಿನ ಪಕ್ಕ ಒಂದು ಹಳೆಯ ಲೆಕ್ಕದ ಪುಸ್ತಕ ಇಟ್ಟುಕೊಂಡಿದ್ದಾಳೆ. ಫೋನು ಮಾಡಿದವರು ಮೊದಲು ಆಡಿದ ಮಾತನ್ನು ಅವರ ಬಾಯಲ್ಲಿ ಬಂದ ಹಾಗೆಯೇ ಬರೆಯುತ್ತಾಳೆ. ವಾರದ ಕೊನೆಗೆ ಅದನ್ನು ನನಗೆ ಓದಿ ಹೇಳುತ್ತಾಳೆ, ನಾನು ಅದರಿಂದ ಪದ ಆರಿಸುತ್ತೇನೆ. ಕಳೆದ ಸಲ ಹೀಗೆ ಓದುವಾಗ ಮೈಸೂರಿನ ಒಬ್ಬ ಅಜ್ಜಿಯ ಮಾತು ಬಂತು. "ಸೊನೆ ಇರೋ ಮಿಡಿದು ಉಪ್ಪಿನಕಾಯಿ ಇದ್ಯಾ ತಂಗೀ?" ಎಂದು ಕೇಳಿದ್ದರಂತೆ. ಮಿಡಿಯ ತೊಟ್ಟಿನಲ್ಲಿ ಒಸರುವ ಆ ಸೊನೆಯ ಘಮಕ್ಕೇ ಅಪ್ಪೆಮಿಡಿಯನ್ನು ಕೊಳ್ಳುವವರು ಕೊಳ್ಳುವುದು. ಅಷ್ಟು ದಿನ ನಮ್ಮಿಬ್ಬರಿಗೂ ಹೊಳೆದಿರಲಿಲ್ಲ.

ಆ ವಾರ ಪಟ್ಟಿಗೆ ಸೇರಿದ್ದು ಅದೊಂದೇ, 'ಸೊನೆ ಮಿಡಿ ಉಪ್ಪಿನಕಾಯಿ'. ಕನ್ನಡ ಅಕ್ಷರದಲ್ಲಿ ಮಾತ್ರ. ಇಂಗ್ಲಿಷ್ ಅಕ್ಷರದಲ್ಲೂ ಹಾಕೋಣವಾ ಎಂದು ಅಕ್ಕ ಕೇಳಿದಳು. ಹಾಗೆ ಬರೆದರೆ ಅದು ಹಿಂದಿಯ ಸೋನೆ ಆಗುತ್ತದೆ, ಚಿನ್ನದ ರೇಟು ಕೇಳುವವರೆಲ್ಲ ನಿನ್ನ ಜಗಲಿಗೆ ಬರುತ್ತಾರೆ ಎಂದೆ. "ಬ್ಯಾಡ, ಬ್ಯಾಡ" ಎನ್ನುತ್ತ ಅವಳು ಪುಸ್ತಕದ ಆ ಸಾಲಿನ ಮುಂದೆ ಒಂದು ಗೀಟು ಎಳೆದು, 'ಕನ್ನಡ' ಎಂದು ಬರೆದುಕೊಂಡಳು.